ಅಂಗಿ ಗುಂಡಿಯ ಅಳತೆಗೆ ಗಾಳ

ಫೆಬ್ರವರಿ 9, ಮಧ್ಯಾಹ್ನ

ಲೋಕ ಗಮನಿಸತಕ್ಕ ಘಟನೆ: ಇಂದು, ಮೇಷ್ಟರ ಪ್ಯಾಂಟಿಗೆ ಜಿಪ್ ಹಾಕಿ ಮುಗಿಸಿದ ಮೇಲೆ, ಇದೇ ಎರಡು ಕೈಗಳು ಮೀನಿನ ಗಾಳಕ್ಕೆ ದಾರ ಕಟ್ಟಿದವು. ಟೈಲರಿಂಗ್ ಚರಿತ್ರೆಯಲ್ಲೇ ಮೊದಲು. ಯಾರೂ ಬ್ಯಾಂಡ್ ಬಾರಿಸಲಿಲ್ಲ. ಗಾಳ ಹೆಬ್ಬೆರಳಿಗೆ ಚುಚ್ಚಿತು, ಅಷ್ಟೇ.

ಕಾರಣ — ಮಾವ. ಭಾನುವಾರ ದೋಣಿಯನ್ನು ಹಲಗೆಗಾಗಿ ಬಡಗಿಗೆ ಕೊಟ್ಟುಬಿಡುತ್ತಾರಂತೆ. ಅತ್ತೆ ತೀರಿಹೋದಾಗಿನಿಂದ ಅದು ದಡದಲ್ಲಿ ಬೋರಲು ಬಿದ್ದಿದೆ. ಅತ್ತೆ ಹುಟ್ಟು ಹಾಕುವುದು, ಮಾವ ಸಾಲುಗಾಳ ಬಿಡುವುದು. ಹೊಳೆಗೆ ಒಂದು ಉದ್ದ ಹಗ್ಗ, ಹಗ್ಗಕ್ಕೆ ಸಾಲಾಗಿ ಕವಲು ದಾರ, ದಾರಕ್ಕೆ ಗಾಳ, ಗಾಳಕ್ಕೆ ಎರೆಹುಳು, ಹುಳುವಿಗೆ ಮೀಸೆ ಮೀನು. ಇಬ್ಬರ ಸಂಸಾರದ ಜಗಳವೆಲ್ಲ ಆ ದೋಣಿಯಲ್ಲೇ ನಡೆದದ್ದು. ಈಗ ಮಾವ ಯಾರ ಜೊತೆಯೂ ಜಗಳವಾಡುವುದಿಲ್ಲ. ಸಾರಿಗೆ ಉಪ್ಪು ಮರೆತರೂ ಸುಮ್ಮನೆ ಉಣ್ಣುತ್ತಾರೆ. ನೋಡಲಾಗುವುದಿಲ್ಲ.

“ದೋಣಿ ಕೊಡಬೇಡಿ ಮಾವ.”

“ಇಟ್ಕೊಂಡು ಏನ್ ಮಾಡ್ಲಿ? ಒಬ್ಬನೇ ಹುಟ್ಟು ಹಾಕ್ಲಾ, ಗಾಳ ಬಿಡ್ಲಾ?”

“ಗಾಳ ನಾನು ಬಿಡ್ತೀನಿ.”

ಮಾವ ಪೇಪರಿನ ಪುಟ ತಿರುಗಿಸಿದರು.

ಫೆಬ್ರವರಿ 11

ಸಾಲುಗಾಳ ಸಿದ್ಧ. ಟೇಪ್ ಹಿಡಿದು ಅಳೆದಿದ್ದೇನೆ. ಗೇಣುದ್ದದ ಕವಲು, ಗೇಣಿಗೊಂದು. ಎಂಥ ಅಚ್ಚುಕಟ್ಟು! ಗೋಡೆಗೆ ತೂಗುಹಾಕಬಹುದು.

ಎರೆಹುಳುಗಳನ್ನು ಗುಂಡಿ ಡಬ್ಬಿಯಲ್ಲಿ ಇಟ್ಟಿದ್ದೆ. ಬ್ಲೌಸ್ ಗಿರಾಕಿಯೊಬ್ಬಳು ಮ್ಯಾಚಿಂಗ್ ಹುಡುಕಲು ಕೈ ಹಾಕಿದಳು. ಇನ್ನು ಬರಲಾರಳು.

ಫೆಬ್ರವರಿ 13, ಬೆಳಿಗ್ಗೆ

ನಿನ್ನೆ ಸಂಜೆ ಹಗ್ಗದ ಒಂದು ತುದಿ ದಡದ ಮರದ ಬೇರಿಗೆ ಕಟ್ಟಿದೆ. ಇನ್ನೊಂದನ್ನು ನಮ್ಮ ಮನೆಯವರು ಸೊಂಟದ ಮಟ್ಟ ನೀರಿಗಿಳಿದು ಗೂಟಕ್ಕೆ ಕಟ್ಟಿ ಬಂದರು — ಲುಂಗಿ ತಲೆಗೆ ಸುತ್ತಿಕೊಂಡು, ಮದುವೆಯ ದಿನ ಕೂಡ ಇಲ್ಲದ ಗಾಂಭೀರ್ಯದಲ್ಲಿ.

ಇವತ್ತು ಎಳೆದರೆ... ಮೀನಿಲ್ಲ. ಗಾಳಕ್ಕೆ ಗಾಳ ಸಿಕ್ಕಿ ಇಡೀ ಸಾಲು ಒಂದೇ ಮುದ್ದೆ. ಅಷ್ಟರಲ್ಲಿ ಮಾವ ಬಂದರು, ಬಾಯಲ್ಲಿ ಬ್ರಷ್. ಹಲ್ಲುಜ್ಜಲು ಎಂದೂ ಹೊಳೆಯವರೆಗೆ ಬಂದವರಲ್ಲ.

“ಏನಮ್ಮ ಇದು, ಮೀನಿಗೆ ಸ್ವೆಟರ್ರಾ?”

“ಒಂದೇ ಅಳತೆ ಮಾವ. ಕೂದಲೆಳೆ ವ್ಯತ್ಯಾಸ ಇಲ್ಲ.”

“ಅದಕ್ಕೇ ಹೀಗಾಗಿದ್ದು! ಅಂಗಿಗೆ ಗುಂಡಿ ಇಟ್ಟ ಹಾಗೆ ಇಟ್ಟಿದ್ದೀಯ. ಒಂದು ಕವಲು ಪಕ್ಕದ್ದಕ್ಕೆ ಎಟುಕಬಾರದು. ಕವಲು ಒಂದು ಗೇಣಾದ್ರೆ ನಡುವೆ ಮೂರು ಗೇಣು ಬಿಡ್ಬೇಕು.” ನಕ್ಕರು. ನೊರೆ ಅಂಗಿ ಮೇಲೆಲ್ಲ. “ನಿಮ್ಮತ್ತೆ ಇದ್ದಿದ್ರೆ ನಿನ್ನನ್ನ ಹೊಳೆಗೇ ನೂಕಿರೋಳು.”

ಅತ್ತೆ ಹೋದ ಮೇಲೆ ಅವರ ಮಾತು ಮಾವನ ಬಾಯಲ್ಲಿ ಬಂದದ್ದು ಇದೇ ಮೊದಲು. ಇವರು ನನ್ನ ಮುಖ ನೋಡಿದರು. ನಾನು ಮುದ್ದೆಯ ಮುಖ ನೋಡಿದೆ.

ಅದೇ ದಿನ, ಸಂಜೆ

ಮಾವ ಮಧ್ಯಾಹ್ನವೆಲ್ಲ ನನ್ನ ಕಟಿಂಗ್ ಟೇಬಲ್ ಆಕ್ರಮಿಸಿ ಗಾಳ ಬಿಚ್ಚಿ ಕಟ್ಟಿದರು. ಕತ್ತರಿ ಮೊಂಡು, ಲೈಟ್ ಮಂಕು, ಟೀ ತಣ್ಣಗೆ — ಮೂರಕ್ಕೂ ನಾನೇ ಹೊಣೆ. ನಾನೂ ಬಿಡಲಿಲ್ಲ. ಜೋರು ಜಗಳ! ಇಷ್ಟು ಸೊಗಸಾದ ಮಧ್ಯಾಹ್ನ ಕಂಡು ಎಷ್ಟು ಕಾಲವಾಗಿತ್ತೋ.

ಆದರೆ ಭಾನುವಾರದ ಬಗ್ಗೆ ಚಕಾರವಿಲ್ಲ.

ಫೆಬ್ರವರಿ 15, ಭಾನುವಾರ

ಬಡಗಿ ಬಂದ, ಕೈಗಾಡಿ ತಳ್ಳಿಕೊಂಡು. ನಾನು ಇಸ್ತ್ರಿ ಮಾಡುತ್ತಾ ಅದೇ ಕಾಲರನ್ನು ಮತ್ತೆ ಮತ್ತೆ ಒತ್ತಿದೆ.

ಮಾವ ಗಂಟಲು ಸರಿಮಾಡಿಕೊಂಡರು. “ಕೊಡ್ತೀನಿ ಅಂದಿದ್ದೆ, ನಿಜ ಕಣಯ್ಯ. ಆದ್ರೆ ಈ ಹುಡುಗಿಗೆ ಹುಟ್ಟು ಹಾಕೋದು ಕಲಿಸ್ಬೇಕು. ಅವಳ ಬುದ್ಧಿ ನೋಡಿದ್ರೆ... ಇನ್ನೂ ಕೆಲವು ವರ್ಷ ಹಿಡಿಯೋ ಹಾಗಿದೆ.”

ಬಡಗಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಹೌದು ಯಜಮಾನ್ರೇ, ಹಿಡಿಯುತ್ತೆ” ಎಂದ.

ಇಷ್ಟು ಖುಷಿಯಿಂದ ಅವಮಾನ ನುಂಗಿದ್ದು ನೆನಪಿಲ್ಲ. ಕಾಲರ್ ಸುಟ್ಟಿದೆ.

ಫೆಬ್ರವರಿ 18, ಸಂಜೆ

ಸೋಮವಾರ ನಾನು ಹುಟ್ಟು ಹಾಕಿದರೆ ದೋಣಿ ನಿಂತಲ್ಲೇ ಗಿರಗಿರ. “ಬಾಬಿನ್‌ಗೆ ದಾರ ಸುತ್ತೋಕೆ ಬಂದಿದ್ದೀಯಾ?” ಎಂದರು ಮಾವ. ಅತ್ತೆ ಕೂರುತ್ತಿದ್ದ ಹಲಗೆಯ ಮೇಲೆ ಗೋಣಿಚೀಲ ಮಡಚಿ ಹಾಕಿದ್ದರು. ಹಲಗೆಯಲ್ಲಿ ಸಿಬಿರು ಇದೆಯಂತೆ. ಕೈಯಾಡಿಸಿ ನೋಡಿದೆ. ಎಲ್ಲೂ ಇಲ್ಲ.

ನಿನ್ನೆ ಬೆಳಿಗ್ಗೆ ಒಂದು ಮೀಸೆ ಮೀನು, ಮೊಳದುದ್ದ. ಮಾವ ಅದಕ್ಕೂ ಬೈದರು — ಇಷ್ಟು ತಡವಾಗಿ ಬರುವುದಾ ಎಂದು.

ಇವತ್ತು ಆಗಲೇ ದಡದಿಂದ ಕೂಗು. “ಏನಮ್ಮ, ಮುಹೂರ್ತ ನೋಡ್ತಿದ್ದೀಯಾ? ನಿಮ್ಮತ್ತೆ ಇಷ್ಟು ಹೊತ್ತಿಗೆ ನಡುಹೊಳೆಯಲ್ಲಿ ಇರ್ತಿದ್ಲು!” ಓಡಬೇಕು. ಈ ಪುಸ್ತಕ ಕದ್ದು ಓದುವ ಮಹನೀಯರಲ್ಲಿ — ಅಂದರೆ ನನ್ನ ಗಂಡನಲ್ಲಿ — ಒಂದೇ ವಿನಂತಿ: ಒಲೆಯ ಮೇಲೆ ಹಾಲಿಟ್ಟಿದ್ದೇನೆ. ಓದಿದ್ದು ಸಾಕು, ಮೊದಲು ಎದ್ದು ಹೋಗಿ ಗ್ಯಾಸ್...