ಟೈಲರ್ ಆಂಟಿಯ ಬೀಗದಕೈ

ಪ್ರೀತಿಯ ಟೈಲರ್ ಆಂಟಿ,

ಇವರ ಕೆಲಸಕ್ಕೆಂದು ಗುರುತು ಪರಿಚಯವಿಲ್ಲದ ನಿಮ್ಮೂರಿಗೆ ಬಂದು ಆರು ತಿಂಗಳು ಪಕ್ಕದ ಮನೆಯಲ್ಲಿದ್ದೆವಲ್ಲ, ಜನ್ಮದಲ್ಲೇ ನಾನು ಅಷ್ಟು ನಕ್ಕಿರಲಿಲ್ಲ! "ಮದುಮಗಳೇ, ಮೆಲ್ಲಗೆ ನಗಮ್ಮಾ, ನನ್ನ ಹೊಲಿಗೆ ತಪ್ಪುತ್ತೆ" ಅಂತ ಗೋಡೆಯಾಚೆಯಿಂದ ಕೂಗುತ್ತಿದ್ದಿರಿ. ನಿಮ್ಮ ಮನೆಯ ಇನ್ನೊಂದು ಬೀಗದಕೈಯನ್ನೂ ನನಗೇ ಕೊಟ್ಟಿರಿ. "ಒಂಟಿ ಹೆಂಗಸು ನಾನು, ಒಳಗಿಂದ ಚಿಲಕ ಹಾಕಲ್ಲ, ಬಾಗಿಲಿನ ಬೀಗ ಮಾತ್ರ ಹಾಕ್ಕೋತೀನಿ. ಬೆಳಿಗ್ಗೆ ಮಷಿನ್ ಸದ್ದು ಕೇಳಿಸದಿದ್ರೆ ಬೀಗ ತೆಗೆದು ನೋಡು."

ವಾಪಸ್ ನಮ್ಮೂರಿಗೆ ಹೊರಟಾಗ ಕುಣಿದಾಡಿಕೊಂಡೇ ಸಾಮಾನು ಕಟ್ಟಿದೆ. ಬೀಗದಕೈ ನನ್ನ ಬ್ಯಾಗಿನಲ್ಲೇ ಬಂದುಬಿಟ್ಟಿತು. ನಾಳೆ ಕೊರಿಯರ್ ಮಾಡೋಣ, ನಾಡಿದ್ದು ಮಾಡೋಣ ಅಂತ ಎರಡು ತಿಂಗಳಾಯಿತು. ನೀವೂ ಕೇಳಲಿಲ್ಲ.

ಇವತ್ತು ಅಲ್ಲಿನ ನಮ್ಮ ಮನೆ ಓನರ್ ಫೋನ್ ಮಾಡಿದ್ದರು. ನೀವು ಬಚ್ಚಲಲ್ಲಿ ಜಾರಿ ಬಿದ್ದಿರಂತೆ. ಕೂಗುವುದು ಹೊರಗೆ ಕೇಳಿಸುತ್ತಿತ್ತಂತೆ. ಬಡಗಿಯನ್ನು ಕರೆತಂದು ಬಾಗಿಲು ಒಡೆಸುವಷ್ಟರಲ್ಲಿ ಉಸಿರು ನಿಂತಿತ್ತಂತೆ. "ಇನ್ನೊಂದು ಕೀ ಯಾರ ಹತ್ರ ಇತ್ತೋ ಏನೋ, ಪಾಪ" ಅಂದರು.

ನಾನು "ಅಯ್ಯೋ" ಅಂದೆ, ಅಷ್ಟೇ.

"ಯಾರೇ ಫೋನು?" ಅಂತ ಇವರು ಒಳಗಿನಿಂದ ಕೇಳಿದರು. ಇಲ್ಲಿಯವರೆಗೆ ಇವರ ಹತ್ತಿರ ನಾನು ಏನನ್ನೂ ಮುಚ್ಚಿಟ್ಟವಳಲ್ಲ, ಆಂಟಿ.

"ಹಳೇ ಮನೆ ಓನರ್ರು ರೀ. ಸುಮ್ನೆ ಮಾಡಿದ್ರಂತೆ" ಅಂದೆ.