ಪುಕ್ಕಲರ ಮೊಮ್ಮಕ್ಕಳು

ಬೇಕರಿ ಮೇಲಿನ ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಮೊನ್ನೆ ಫೋನಿನಲ್ಲಿ ತಮ್ಮ "ಅಮ್ಮ ಆರಾಮಾಗಿದಾಳೆ, ಈಗ ಯಾವುದಕ್ಕೂ ತಲೆ ಕೆಡಿಸ್ಕೊಳ್ಳಲ್ಲ" ಎಂದ. ಅವನೇನೋ ಖುಷಿಯಿಂದ ಹೇಳಿದ, ನನಗೆ ಮಾತ್ರ ಖುಷಿಯಾಗಲಿಲ್ಲ. ತಲೆ ಕೆಡಿಸಿಕೊಳ್ಳದ ಅಮ್ಮನ ಪರಿಚಯವೇ ನನಗಿಲ್ಲ. ಇಲ್ಲಿ ನಾವಿಬ್ಬರೂ ಕ್ಷೇಮ. ನಿನ್ನ ಅಳಿಯ ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದಾರೆ. ಕೆಳಗಿನಿಂದ ಬಿಸಿ ಬ್ರೆಡ್ಡಿನ ವಾಸನೆ ಬರುತ್ತಿದೆ. ಈ ಮನೆ ಹಿಡಿದದ್ದೇ ಆ ವಾಸನೆಗೆ ಮರುಳಾಗಿ. ಈಗ ಅದು ಬಂದರೆ ಎದ್ದು ಕಿಟಕಿ ಮುಚ್ಚುತ್ತೇನೆ.

ಆಸ್ಪತ್ರೆಯಲ್ಲಿ ನಾನು ನರ್ಸಾಗಿರುವ ವಿಭಾಗ ನಿನಗೆ ಗೊತ್ತಲ್ಲ, ಭಯ ವಿಪರೀತವಾದವರು ಬರುವ ಕಡೆ. ಅಲ್ಲಿಗೆ ಹೊಸದಾಗಿ ಬಂದಿರುವ ದೊಡ್ಡ ಡಾಕ್ಟರಮ್ಮ ಶುಕ್ರವಾರ ಮಧ್ಯಾಹ್ನ ನಮ್ಮನ್ನೆಲ್ಲ ಕೂರಿಸಿಕೊಂಡು ಪಾಠ ಮಾಡುತ್ತಾರೆ. ಕಾಯಿಲೆ ಯಾಕೆ ಬಂತು ಎಂದು ಎಲ್ಲರೂ ಕೇಳುತ್ತೀರಿ, ಕಾಯಿಲೆ ಬೀಳುವಂಥ ಈ ದೇಹ ನಮಗೆ ಹೇಗೆ ಬಂತು ಎಂದು ಕೇಳಿ ಎನ್ನುವುದು ಅವರ ವರಸೆ. ಲಕ್ಷಾಂತರ ವರ್ಷ ಕಾಡುಮೇಡು ಅಲೆದ ಹಿರಿಯರು ನಮಗೆ ಬಿಟ್ಟುಹೋದ ದೇಹವಂತೆ ಇದು. ಜ್ವರ, ಕೆಮ್ಮು, ನೋವು ಎಷ್ಟೋ ಸಲ ಶತ್ರುಗಳಲ್ಲ, ಕಾವಲುಗಾರರು. ಬಸುರಿಯರ ವಾಕರಿಕೆಯೂ ಹೊಟ್ಟೆಯೊಳಗಿನ ಜೀವಕ್ಕೆ ಕಾವಲೇ ಇರಬಹುದಂತೆ. ಆ ಭಾಗವನ್ನು ನಾನು ತುಸು ಹೆಚ್ಚೇ ಕಿವಿಗೊಟ್ಟು ಕೇಳಿದೆ.

ಆಮೇಲೆ ಭಯದ ವಿಷಯಕ್ಕೆ ಬಂದರು. ನಮ್ಮ ವಾರ್ಡಿನ ಚಾವಣಿಯಲ್ಲಿ ಹೊಗೆ ಕಂಡರೆ ಬಡಿದುಕೊಳ್ಳುವ ಗಂಟೆಯೊಂದಿದೆ. ಯಾರೋ ಬ್ರೆಡ್ಡು ಸೀಯಿಸಿದರೂ ಅದು ಊರು ಎಬ್ಬಿಸುತ್ತದೆ. ಅದನ್ನು ತೋರಿಸಿ, "ಹುಲ್ಲು ಅಲ್ಲಾಡಿದಾಗೆಲ್ಲ ಎದ್ದು ಓಡಿದೋನು ನೂರು ಸಲ ಸುಮ್ಸುಮ್ನೆ ಬೆವತ. ಓಡದೆ ನಿಂತೋನು ಒಂದೇ ಸಲ ಹುಲಿ ಬಾಯಿಗೆ ಹೋದ. ಅವನಿಗೆ ಮೊಮ್ಮಕ್ಕಳೆಲ್ಲಿಂದ ಬರ್ಬೇಕು? ನಾವೆಲ್ಲ ಪುಕ್ಕಲರ ಮೊಮ್ಮಕ್ಕಳು ಕಣ್ರೋ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಕಣ್ಣು ತುಂಬಿ ಬಂತು.

ಅಮ್ಮಾ, ನಾವು ಮಲಗಿದಾಗ ನಮ್ಮ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದೆಯಲ್ಲ, ನಾನು ಬೇಕೆಂದೇ ಉಸಿರು ಬಿಗಿಹಿಡಿಯುತ್ತಿದ್ದೆ. ನಿನ್ನ ಬೆರಳಿಗೆ ಹೊಲಿಗೆ ಮೆಷಿನ್ನಿನ ಎಣ್ಣೆಯ ವಾಸನೆ ಇರುತ್ತಿತ್ತು. ತಮ್ಮ ಕಾಣೆಯಾದ ದಿನ ನೆನಪಿದೆಯೇ? ಬೀದಿಗೆ ಬೀದಿಯೇ ಹುಡುಕಿತು. ಇಸ್ತ್ರಿಯವನು ಅಂಗಡಿ ಹಾಗೇ ಬಿಟ್ಟು ಓಡಿದ. ನೀನು ಮೆಷಿನ್ ಮುಂದೆ ಕೂತು ಗೋಳೋ ಎಂದು ಅಳುತ್ತಿದ್ದರೆ, ಆ ಪುಣ್ಯಾತ್ಮ ನಿನ್ನ ಕಾಲ ಬಳಿಯೇ, ಚಿಂದಿ ಬಟ್ಟೆಯ ರಾಶಿಯೊಳಗೆ ಗೊರಕೆ ಹೊಡೆಯುತ್ತಿದ್ದ! ಮಾರನೆಯ ದಿನವೇ ಅವನ ಚಡ್ಡಿಯ ಸೊಂಟಕ್ಕೊಂದು ಪುಟ್ಟ ಗಂಟೆ ಹೊಲಿದೆ. ನಿನಗೆ 'ಗಂಟೆಯಮ್ಮ' ಎಂಬ ಹೆಸರು ಬಿದ್ದದ್ದು ಅಂದಿನಿಂದ. ಅಪ್ಪ ಕೆಲಸದಿಂದ ಬರುವುದು ಸ್ವಲ್ಪ ತಡವಾದರೂ ನೀನು ಗೇಟಿನಲ್ಲಿ ನಿಂತಿರುತ್ತಿದ್ದೆ. "ಬಾರಿಸೋಕೆ ಶುರು ಮಾಡಿದ್ಲಪ್ಪ ನಮ್ಮ ಗಂಟೆಯಮ್ಮ" ಎಂದು ಅವರು ದೂರದಿಂದಲೇ ಕೂಗುತ್ತಿದ್ದರು.

ಅಪ್ಪ ಹೋದ ಮೇಲೆ ನೀನು ಸುಮ್ಮನಾಗಿಬಿಟ್ಟೆ. ಯಾಕೆಂದು ನನಗೆ ಗೊತ್ತು. ಅದಕ್ಕೆ ಒಂದು ವಾರ ಮೊದಲು ಭುಜ ನೋವೆಂದಾಗ ನೀನು ಅವರನ್ನು ಹಟ ಮಾಡಿ ಆಸ್ಪತ್ರೆಗೆ ಕರೆದೊಯ್ದಿದ್ದೆ. ಏನೂ ಇಲ್ಲವೆಂದು ಕಳಿಸಿದರು. ವಾರವೆಲ್ಲ ಅಪ್ಪ ಅದನ್ನೇ ಆಡಿ ನಗಿಸಿದರು. ಹಾಗಾಗಿ ಆ ಬೆಳಗ್ಗೆ ಅವರು ಎದೆ ಸವರಿಕೊಳ್ಳುತ್ತ ಚಪ್ಪಲಿ ಮೆಟ್ಟಿದಾಗ ನೀನು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಮಧ್ಯಾಹ್ನ ಆಫೀಸಿನವರ ಫೋನ್ ಬಂತು. ಅಲ್ಲಿಂದೀಚೆಗೆ ನನ್ನ ಜೊತೆಯೂ "ಊಟ ಆಯ್ತಾ, ಸರಿ ಇಡ್ಲಾ" ಅಷ್ಟೇ. ಎರಡು ವರ್ಷವಾಯಿತಮ್ಮ, ಮಳೆಯಲ್ಲಿ ನೆನೆದೆನೆಂದರೂ ಬೈಯುವುದಿಲ್ಲ.

ನಿನ್ನ ಭಯವೇ ತಪ್ಪು ಎಂದುಕೊಂಡಿದ್ದೀಯ, ಅದು ಬೇಕಾದ ದಿನ ಬಾಯಿ ಬಿಡಲಿಲ್ಲವಲ್ಲ ಎಂದು. ಅದು ಒಳಗೆ ಬಡಿದುಕೊಂಡಿತ್ತು, ನಾವು ನಕ್ಕು ನಕ್ಕು ಅದರ ಬಾಯಿಗೆ ಬಟ್ಟೆ ತುರುಕಿದ್ದೆವು. ನೀನು ಬಾಯಿ ಬಿಟ್ಟಿದ್ದರೂ ಅಪ್ಪ ನಗುತ್ತಲೇ ಹೋಗಿಬಿಡುತ್ತಿದ್ದರೇನೋ, ಯಾರಿಗೆ ಗೊತ್ತು. ನಾವಿಬ್ಬರೂ ಬೆಳೆದು ದೊಡ್ಡವರಾದದ್ದು ಮಾತ್ರ ನೀನು ಸುಮ್ಸುಮ್ನೆ ಬೆವತ ಆ ನೂರು ಸಲಗಳಿಂದ. ಇದನ್ನು ಎದುರು ಕೂತು ಹೇಳಲು ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ತಮ್ಮನಿಗೂ ಅವನ ಹೆಂಡತಿಗೂ ನನ್ನ ನೆನಪು ಹೇಳು. ಬಿಸಿಲಲ್ಲಿ ಓಡಾಡಬೇಡ. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಮೊಂಡಿ

ಮರೆತಿದ್ದೆ: ವಾಕರಿಕೆ ನನ್ನದೇ ಅಮ್ಮ. ಮೂರನೇ ತಿಂಗಳು. ಹಿಂದೆರಡು ಸಲ ಹೀಗೇ ಆಗಿ ಕೈತಪ್ಪಿ ಹೋಯಿತು, ನಿನಗೂ ಹೇಳಿರಲಿಲ್ಲ. ಎಲ್ಲರೂ ಧೈರ್ಯವಾಗಿರು ಎನ್ನುತ್ತಾರೆ, ನನಗೆ ಧೈರ್ಯ ಹೇಳುವವರು ಸಾಕಾಗಿದ್ದಾರೆ. ನನ್ನ ಜೊತೆ ಕೂತು ಹೆದರುವವರು ಬೇಕು. ಬೇಗ ಬಾ. ಗುಂಡಿಗಳ ಡಬ್ಬಿಯಲ್ಲಿ ತಮ್ಮನ ಗಂಟೆ ಇದ್ದರೆ ತಗೊಂಡು ಬಾ.