ಸೊಳ್ಳೆಕಾಲು, ಇಲಿಹಲ್ಲು, ಹಾಲುಗೆರೆ

ಮಾರ್ಚ್ ಹದಿನೇಳು, ಮಂಗಳವಾರ
ಬೆಳಗಿನ ಚಹಾ ಆದ ಮೇಲೆ

ನನ್ನ ಗುಬ್ಬಿಗೆ,

ಬಾಯಲ್ಲಿ ಮೂರೇ ಹಲ್ಲು ಉಳಿದಿದ್ದರೂ ನಿನ್ನನ್ನು ಬೈಯುವಷ್ಟು ಗಟ್ಟಿಯಾಗಿರುವ ನಿನ್ನ ಅಜ್ಜಿ ತಲೆ ಸವರಿ ಬರೆಯುವುದು. ಮೂರನೇ ತರಗತಿಯಲ್ಲಿ ಮೇಷ್ಟ್ರು ನಮಗೆ ಕಾಗದ ಬರೆಯುವುದನ್ನು ಕಲಿಸುವಾಗ, ಮೊದಲು 'ನಾವೆಲ್ಲ ಇಲ್ಲಿ ಕ್ಷೇಮ' ಅಂತ ಬರೆಯಬೇಕು ಅಂದಿದ್ದರು. ನಾಲ್ಕನೇ ತರಗತಿಗೆ ನನ್ನನ್ನು ಮನೆಯವರು ಕಳಿಸಲಿಲ್ಲ. ಕ್ಷೇಮ ಇಲ್ಲದಿದ್ದರೆ ಏನು ಬರೆಯಬೇಕು ಅನ್ನುವುದನ್ನು ಬಹುಶಃ ಅಲ್ಲಿ ಕಲಿಸುತ್ತಿದ್ದರು.

ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೊದಲು ನೀನೇ ಫೋನು ಮಾಡುತ್ತೀಯ ಅಂತ ಕಾದೆ. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬರೆಯಲು ಕೂತರೆ ನನ್ನ ಕೈಯಲ್ಲಿ ಕಾಗದವೇ ಹರಿಯುತ್ತದೆ. ಸಿಟ್ಟು ಇಳಿದಾಗ ನೋಡಿದರೆ ನಿನ್ನ ವಿಳಾಸವೇ ಇಲ್ಲ. ನೀನು ಮಂಡಿನೋವಿಗೆ ಮುಲಾಮು ಕಳಿಸಿದೆಯಲ್ಲ, ಆ ಡಬ್ಬದ ಮೇಲೆ ಸಣ್ಣಕ್ಷರದಲ್ಲಿ ನಿನ್ನ ಕೋಣೆಯ ವಿಳಾಸ ಸಿಕ್ಕಿತು. ಮುಲಾಮಿನಿಂದ ಮಂಡಿಗೇನೂ ಆಗಲಿಲ್ಲ, ಡಬ್ಬದಿಂದ ಉಪಕಾರವಾಯಿತು. ನಿನ್ನಮ್ಮ ಫೋನು ಮಾಡಿದಾಗಲೆಲ್ಲ ಒಂದೇ ಪಾಠ ಒಪ್ಪಿಸುತ್ತೀಯ: 'ಚೆನ್ನಾಗಿದ್ದೀನಿ, ಕೆಲಸ ಇದೆ, ಇಡ್ತೀನಿ.' ಈಗ ಈ ಕಾಗದವನ್ನು ಹೇಗೆ ಕಟ್ ಮಾಡುತ್ತೀಯೋ ನೋಡೋಣ. ಒತ್ತಕ್ಷರ ಎಲ್ಲಾದರೂ ಬಿಟ್ಟಿದ್ದರೆ ನೀನೇ ಹಾಕಿಕೊಂಡು ಓದು.

ಮನೆಯ ಸುದ್ದಿ ಹೇಳುತ್ತೇನೆ. ಮಹಡಿಯ ನಲ್ಲಿ ಮತ್ತೆ ಸೋರುತ್ತಿದೆ. ಬೀದಿ ತುದಿಯ ಫೋಟೋ ಸ್ಟುಡಿಯೋ ಮುಚ್ಚಿತು, ಅಲ್ಲಿ ಈಗ ಫೋನಿಗೆ ಗಾಜು ಅಂಟಿಸಿಕೊಡುತ್ತಾರೆ. ನಿನ್ನಮ್ಮ ಟೈಲರ್ ಅಂಗಡಿಯಿಂದ ಗುಂಡಿ ಹೊಲಿಯುವ ಕೆಲಸ ತರುತ್ತಾಳೆ. ಟೈಲರ್ ಹೆಂಡತಿ, ಅದೇ ಆ ಪಟಾಕಿ, ಮೊನ್ನೆ ನಮ್ಮ ಬಾಗಿಲಿಗೇ ಬಂದು ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಳು.

"ಏನಮ್ಮಾ, ನಿಮ್ಮ ಮಗನಿಗೆ ಏನಾಗಿದೆ? ಅಂಗಡಿ ಮುಂದೆ ನಿಂತು ನನ್ನ ಬೆನ್ನನ್ನೇ ನೋಡ್ತಿದ್ರು!"

"ನಿನ್ನನ್ನ ನೋಡೋಕೆ ಅವನಿಗೇನು ತಲೆ ಕೆಟ್ಟಿದೆಯಾ? ನೀನು ತೊಟ್ಟಿದ್ದ ಬಟ್ಟೆ ನೋಡಿದಾನೆ. ಎಲ್ಲೋ ಒಂದು ಎಳೆ ತಪ್ಪಿರಬೇಕು, ಹೋಗಿ ಹುಡುಕಿಕೋ" ಅಂದೆ.

ಅವಳು ಗೊಣಗಿಕೊಂಡು ಹೋದಳು. ಸಂಜೆ ಅವಳೇ ಬಂದು ಮೆಲ್ಲಗೆ, "ಹೌದಮ್ಮ, ಹೆಗಲ ಕೆಳಗೆ ಒಂದು ಉದ್ದಗೆರೆ ಇತ್ತು" ಅಂದಳು. ನನಗೆ ನಗು ಬಂತು. ನಿನ್ನಪ್ಪನಿಗೆ ಹೇಳಿದೆ, ಅವನು ನಗಲಿಲ್ಲ.

ಅವನು ಹೇಗಿದ್ದಾನೆ ಅಂತ ನೀನು ಕೇಳುವುದಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಬೆಳಗ್ಗೆ ಮಿಲ್ಲಿನ ಹೊತ್ತಿಗೇ ಏಳುತ್ತಾನೆ, ಕ್ಷೌರ ಮಾಡಿಕೊಳ್ಳುತ್ತಾನೆ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಿಟಕಿ ಹತ್ತಿರ ಕೂರುತ್ತಾನೆ. ಮೊನ್ನೆ ಬಟ್ಟೆ ಒಗೆಯುವಾಗ ನಿನ್ನಮ್ಮ ಅಭ್ಯಾಸಕ್ಕೆ ಅವನ ಜೇಬನ್ನು ಒಳಗು ಹೊರಗು ಮಾಡಿ ಕೊಡವಿದಳು. ಇಷ್ಟು ವರ್ಷ ಆ ಜೇಬಿನ ಸೀಮೆಸುಣ್ಣದ ಪುಡಿಯಿಂದ ಮಿಕ್ಕ ಬಟ್ಟೆಯೆಲ್ಲ ಬೆಳ್ಳಗಾಗುತ್ತದೆ ಅಂತ ಅವನ ಮೇಲೆ ರೇಗುತ್ತಿದ್ದವಳು. ಈ ಸಲ ಪುಡಿ ಉದುರಲಿಲ್ಲ. ಅಂಗಿಯನ್ನು ಹಾಗೇ ಹಿಡಿದುಕೊಂಡು ಬಚ್ಚಲಲ್ಲಿ ಕೂತುಬಿಟ್ಟಳು.

ಗುಬ್ಬಿ, ನಡೆದದ್ದರಲ್ಲಿ ನೀನು ನಿನಗೆ ಬೇಕಾದಷ್ಟನ್ನು ಮಾತ್ರ ನೆನಪಿಟ್ಟುಕೊಂಡು ಹೋಗಿದ್ದೀಯ. ಅದಕ್ಕೇ ನಾನು ಮೊದಲಿಂದ ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡ.

ನಿನ್ನ ಓದು ಮುಗಿದು, ಎಲ್ಲೂ ಕೆಲಸ ಸಿಗದೆ ಮೂತಿ ಊದಿಸಿಕೊಂಡು ಕೂತಿದ್ದೆ. ಆಗ ಇಂಟರ್ನೆಟ್ಟಿನಲ್ಲಿ ಒಂದು ಕೆಲಸ ಸಿಕ್ಕಿತು ಅಂತ ಕುಣಿದೆ. "ಅಜ್ಜಿ, ಮನೆಯಲ್ಲೇ ಕೂತು ಮಾಡೋದು! ಕಂಪ್ಯೂಟರಿಗೆ ಬಟ್ಟೆ ಫೋಟೋ ಬರುತ್ತೆ. ಬಟ್ಟೆಯಲ್ಲಿ ಎಲ್ಲಿ ದೋಷ ಇದೆಯೋ ಅಲ್ಲಿ ಚೌಕ ಎಳೆದು, ಅದು ಎಂಥ ದೋಷ ಅಂತ ಹೆಸರು ಬರೀಬೇಕು, ಅಷ್ಟೇ." ಯಾರು ಕೆಲಸ ಕೊಟ್ಟವರು ಅಂದರೆ ಗೊತ್ತಿಲ್ಲ. ಯಾವ ಮಿಲ್ಲಿನ ಬಟ್ಟೆ ಅಂದರೆ ಅದೂ ಗೊತ್ತಿಲ್ಲ. "ಹೆಸರಿಲ್ಲದ ಯಜಮಾನ, ಊರಿಲ್ಲದ ಬಟ್ಟೆ, ಇದೆಂಥ ಕೆಲಸವೇ?" ಅಂದಿದ್ದೆ. "ಅಜ್ಜಿ, ಈಗ ಎಲ್ಲಾ ಹಂಗೇ" ಅಂದೆ.

ಮೊದಲ ದಿನವೇ ಸೋತು ಹೋದೆ. ಎಲ್ಲ ಫೋಟೋವೂ ಒಂದೇ ಥರ ಕಾಣುತ್ತದೆ ಅಂತ ಅಳುಮೋರೆ. ನಿನ್ನಪ್ಪ ಕೆಲಸದಿಂದ ಬಂದವನು ಬೂಟನ್ನೂ ಬಿಚ್ಚದೆ ನಿನ್ನ ಹಿಂದೆ ನಿಂತು ಬಗ್ಗಿ ನೋಡಿದ. ಆ ಮಿಲ್ಲಿನಲ್ಲಿ ಅವನಿಗೆ ಇದ್ದ ಕೆಲಸವೂ ಅದೇ ತಾನೆ. ಓರೆಯಾಗಿ ನಿಲ್ಲಿಸಿದ ಗಾಜು, ಅದರ ಹಿಂದೆ ದೀಪ, ಗಾಜಿನ ಮೇಲೆ ಹರಿದುಹೋಗುವ ಬಟ್ಟೆ. ದೋಷ ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಬೇಕು. ಹುಡುಗನಾಗಿದ್ದಾಗ ಹೋಗಿ ಕೂತವನು, ತಲೆ ನೆರೆತರೂ ಅದೇ ಗಾಜಿನ ಮುಂದೆ.

"ಇಲ್ಲಿ ನೋಡು, ಹೊಕ್ಕಿನ ಅಡ್ಡ ಎಳೆ ತುಂಡಾಗಿ ತುದಿ ಮೇಲೆದ್ದಿದೆ. ಇದು ಸೊಳ್ಳೆಕಾಲು" ಅಂದ.

"ಸೊಳ್ಳೆಕಾಲಾ! ಅಪ್ಪಾ, ಇದೇನು ಹಾಗಾದ್ರೆ?"

"ಅದು ಇಲಿಹಲ್ಲು. ಅಂಚನ್ನ ಕಚ್ಚಿದ ಹಂಗಿಲ್ವಾ?"

"ಇದು? ಏನೂ ಇಲ್ವಲ್ಲ ಇಲ್ಲಿ."

"ಕಣ್ಣು ಕಿರಿದು ಮಾಡು. ತೆಳ್ಳಗೆ ಒಂದು ಬಿಳೀ ಗೆರೆ. ಹಾಲುಗೆರೆ ಅದು. ಹಾಸಿನಲ್ಲಿ ಒಂದು ಉದ್ದದ ಎಳೆ ಸಡಿಲ ಬಿದ್ದರೆ ಹಿಂಗಾಗುತ್ತೆ."

ಆ ಹೆಸರುಗಳು ಯಾವ ಪುಸ್ತಕದಲ್ಲೂ ಇಲ್ಲ. ನಿನ್ನಪ್ಪ ಒಬ್ಬನೇ ಕೂತು ಬೇಸರ ಕಳೆಯಲು ತಾನೇ ಇಟ್ಟುಕೊಂಡವು. ಬರಬರುತ್ತ ಮಿಲ್ಲಿನಲ್ಲಿ ಎಲ್ಲರ ಬಾಯಲ್ಲೂ ಅವೇ ಓಡಾಡುತ್ತಿದ್ದವು, ನೀನೂ ಚೌಕದ ಕೆಳಗೆ ಅವನ್ನೇ ಬರೆದೆ. ಮಗ್ಗಗಳಿಗೂ ಹೆಸರಿಟ್ಟಿದ್ದ. ಬಾಗಿಲ ಪಕ್ಕದ ಒಂದು ಹಳೇ ಮಗ್ಗ ಗೇಣಿಗೊಂದು ಸಲ ತಾಳ ತಪ್ಪುತ್ತಿತ್ತಂತೆ, ಅದಕ್ಕೆ ಕುಂಟಿ ಅನ್ನುತ್ತಿದ್ದ. "ಇವತ್ತು ಕುಂಟಿ ಚೆನ್ನಾಗಿ ನಡೆದಳು" ಅಂತ ಊಟಕ್ಕೆ ಕೂತಾಗ ಹೇಳುವನು. ನಿನ್ನಮ್ಮ ಮದುವೆಯಾದ ಹೊಸತರಲ್ಲಿ ಕುಂಟಿ ಯಾರೋ ಹೆಂಗಸು ಅಂದುಕೊಂಡು ಒಂದು ವಾರ ಮಾತು ಬಿಟ್ಟಿದ್ದಳು, ಕೇಳಿದ್ದೀಯಲ್ಲ.

ಆ ಮೇಲಿನ ಸಂಜೆಗಳು ನನಗೆ ಕಣ್ಣಿಗೆ ಕಟ್ಟಿದ ಹಾಗಿವೆ. ಊಟದ ಮೇಜಿನ ಒಂದು ಮಗ್ಗುಲಿಗೆ ಎರಡು ಕುರ್ಚಿ. ಒಂದರಲ್ಲಿ ನೀನು, ಒಂದರಲ್ಲಿ ಅವನು. ಮನೆಗೆ ಬಂದು ಮಾತೇ ಆಡದಿದ್ದ ಮನುಷ್ಯ, 'ಅಪ್ಪಾ, ಇದೇನು?' ಅಂದ ತಕ್ಷಣ ಬಾಯಿ ಬಿಡುತ್ತಿದ್ದ. ನಿನ್ನ ಮೇಲಿನವರು ನಿನ್ನನ್ನು ಹೊಗಳಿ ಬರೆದರು ಅಂತ ನೀನು ಓದಿ ಹೇಳಿದಾಗ ಅವನ ಕಿವಿ ಕೆಂಪಾಗಿದ್ದನ್ನು ನೀನು ನೋಡಲಿಲ್ಲ, ನಾನು ನೋಡಿದೆ.

ಒಂದು ದಿನ ನಿನಗೆ ಎರಡು ಸಾಲಿನ ಸಂದೇಶ ಬಂತು. ಯಂತ್ರ ಕಲಿತಾಯಿತು, ಇನ್ನು ಫೋಟೋ ಬರುವುದಿಲ್ಲ, ಧನ್ಯವಾದ. ನೀನು ಸಪ್ಪಗಾದೆ. ನಿನ್ನಪ್ಪ ನಿನ್ನ ತಲೆ ತಟ್ಟಿ, "ಹೋಗಲಿ ಬಿಡು, ಚೆನ್ನಾಗಿ ಮಾಡಿದೆ" ಅಂದ. ಅದಾಗಿ ಒಂದು ತಿಂಗಳೂ ಇಲ್ಲ, ಅವನಿಗೂ ಮಿಲ್ಲಿನವರು ಅಂಥದ್ದೇ ಕಾಗದ ಕೊಟ್ಟರು.

ಕೊನೆಯ ದಿನ ಮನೆಯವರನ್ನೂ ಕರೆದಿದ್ದರು. ಮ್ಯಾನೇಜರ್ ಭಾಷಣ ಮಾಡಿದರು, ಚಪ್ಪಾಳೆಯಾಯಿತು, ಅವನ ಕೈಗೆ ಒಂದು ಷರ್ಟಿನ ಬಟ್ಟೆ ಇಟ್ಟರು, ಅದೇ ಮಿಲ್ಲಿನದು. ಆಮೇಲೆ ಆ ಮನುಷ್ಯ ದೊಡ್ಡ ಉತ್ಸಾಹದಿಂದ, ಬನ್ನಿ ಬನ್ನಿ, ಹೊಸ ಯಂತ್ರ ನೋಡಿ ಅಂತ ನಮ್ಮನ್ನು ಕರೆದುಕೊಂಡು ಹೋದರು. ನಿನ್ನಪ್ಪ ಕೂರುತ್ತಿದ್ದ ಸ್ಟೂಲು ಇರಲಿಲ್ಲ. ಮೇಲೆ ಕ್ಯಾಮೆರಾಗಳ ಸಾಲು, ಪಕ್ಕದಲ್ಲಿ ಒಂದು ಪರದೆ. ಬಟ್ಟೆ ಓಡುತ್ತಿತ್ತು, ಪರದೆಯಲ್ಲಿ ಚೌಕ ಬೀಳುತ್ತಿತ್ತು, ಚೌಕದ ಕೆಳಗೆ ಹೆಸರು. ನನಗೆ ಕನ್ನಡಕ ಇರಲಿಲ್ಲ. ನೀನು ನನ್ನ ಕೈ ಬಿಟ್ಟು ಪರದೆಯ ಹತ್ತಿರ ಹೋದೆ. "ಏನೇ?" ಅಂದೆ. ನೀನು ಓದಿದೆ, ಮೆಲ್ಲಗೆ: "ಸೊಳ್ಳೆಕಾಲು. ಇಲಿಹಲ್ಲು. ಹಾಲುಗೆರೆ."

ಮಾರನೇ ದಿನ ಎದ್ದು ನೋಡಿದರೆ ನೀನಿಲ್ಲ. ಚೀಟಿ ಬರೆದಿಟ್ಟಿದ್ದೆ, 'ಅಪ್ಪನ ಕೆಲಸ ನಾನೇ ಕಿತ್ತುಕೊಂಡೆ, ಅವರ ಮುಖ ನೋಡಲಾರೆ' ಅಂತ. ಅಬ್ಬಬ್ಬಾ, ಎಷ್ಟು ದೊಡ್ಡವಳೇ ನೀನು! ಮಿಲ್ಲಿನ ಯಜಮಾನ ನಿನ್ನ ಅಪ್ಪಣೆ ಕೇಳಿ ಯಂತ್ರ ತಂದನೇನು? ನೀನು ಚೌಕ ಎಳೆಯದಿದ್ದರೆ ಇನ್ನೊಂದು ಮನೆಯ ಇನ್ನೊಂದು ಹುಡುಗಿ ಎಳೆಯುತ್ತಿದ್ದಳು. ಇಷ್ಟೆಲ್ಲ ಓದಿ ಅಷ್ಟೂ ತಿಳಿಯಲಿಲ್ಲವೇ? ಈಗ ಆ ದೂರದ ಊರಿನಲ್ಲಿ ಯಾರದೋ ಅಂಗಡಿಯ ಡಬ್ಬಗಳಿಗೆ ಅಂಟು ಹಚ್ಚಿಕೊಂಡು ಕೂತಿದ್ದೀಯಂತೆ. ಅದು ಶಿಕ್ಷೆಯೋ, ಸಂಬಳದ ಕೆಲಸವೋ?

ಬೈದದ್ದು ಸಾಕು. ಮುಖ್ಯ ವಿಷಯಕ್ಕೆ ಬರುತ್ತೇನೆ.

ಆ ಷರ್ಟಿನ ಬಟ್ಟೆಯನ್ನು ಟೈಲರಿಗೆ ಕೊಡು ಅಂತ ನಿನ್ನಮ್ಮ ಹೇಳಿ ಹೇಳಿ ಸೋತಳು. ಕಳೆದ ವಾರ ಅವನು ಅದನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ. ತಿರುಗಿಸಿ ಮತ್ತೆ ನೋಡಿದ. ಅಷ್ಟು ಹೊತ್ತೂ ಅವನ ಮುಖದಲ್ಲಿ ಹಳೇ ಕಳೆ ಇತ್ತು ಕಣೇ. ಮುಗಿದ ಮೇಲೆ ಮಡಚಿಟ್ಟು ಕೂತ.

ಈಗ ಅವನಿಗೆ ಒಂದು ಕೆಲಸ ಸಿಕ್ಕಿದೆ. ಜನ ಫೋನಿನಲ್ಲೇ ಸಾಮಾನು ಕೊಳ್ಳುತ್ತಾರಲ್ಲ, ಅದನ್ನೆಲ್ಲ ತುಂಬಿಡುವ ಗೋದಾಮಿಗೆ ಕಾವಲು. ಬಸ್ಸಿನಲ್ಲಿ ಒಂದು ಹಗಲು ಪೂರ್ತಿ ಹೋಗಬೇಕಾದಷ್ಟು ದೂರ, ಅಲ್ಲೇ ಇರಬೇಕು, ರಜೆ ಅಪರೂಪ. ಏನು ಕೆಲಸ ಅಂದೆ. "ಟಿವಿ ಥರ ಪರದೆಗಳಿರುತ್ತವಮ್ಮ, ನೋಡ್ತಾ ಕೂರೋದು." ಏನನ್ನ ನೋಡೋದು? "ಏನೂ ಆಗಿಲ್ಲ ಅನ್ನೋದನ್ನ." ಒಂದನೇ ತಾರೀಖಿಗೆ ಹೊರಡುತ್ತಾನೆ. ಹೆಣೆದ ಚೀಲ ಆಗಲೇ ಬಾಗಿಲ ಹಿಂದೆ ಇಟ್ಟಿದ್ದಾನೆ.

ಅದಕ್ಕೆ ಮುಂಚೆ ನೀನು ಬರಬೇಕು. ಅವನು ಹೋಗಿ ಆ ಪರದೆ ಮುಂದೆ ಕೂತನೆಂದರೆ, ನಿಮ್ಮಿಬ್ಬರ ಈ ಮೌನ ಅಲ್ಲೇ ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಒಡೆಯಲು ನಾನು ಇರುವುದಿಲ್ಲ.

ಚೆನ್ನಾಗಿ ಉಂಡು ಮಲಗು. ಕೂದಲಿಗೆ ಎಣ್ಣೆ ಹಾಕು. ನಿನ್ನ ಕಣ್ಣು ತಂಪಾಗಿರಲಿ, ನಿನ್ನ ಕೈಗೆ ಇನ್ನೊಬ್ಬರು ಕಸಿಯಲಾಗದ ಕೆಲಸ ಹತ್ತಲಿ, ನನ್ನ ಉಳಿದ ಆಯುಷ್ಯವೂ ನಿನಗೇ ಇರಲಿ.

ಇತಿ, ನಿನ್ನನ್ನು ಎತ್ತಿ ಆಡಿಸಿದವಳು, ಈಗಲೂ ಕಿವಿ ಹಿಂಡುವ ಹಕ್ಕಿರುವವಳು,
ಅಜ್ಜಿ

ಮರೆತೆ: ಮರೆತೆ ಅಂತ ಬರೆದದ್ದು ಸುಳ್ಳು. ಇದನ್ನು ಬರೆಯಲು ಕೈ ಬರಲಿಲ್ಲ, ಅದಕ್ಕೇ ಕೊನೆಗೆ ಉಳಿಯಿತು. ನಿನಗೆ ಹೇಳಬಾರದು ಅಂತ ನಿನ್ನಪ್ಪ ನನ್ನಿಂದ ಮಾತು ತೆಗೆದುಕೊಂಡಿದ್ದಾನೆ. ಹೆತ್ತವಳಿಗೆ ಷರತ್ತು ಹಾಕುವಷ್ಟು ದೊಡ್ಡವನಾಗಿಲ್ಲ ಅವನು.

ಆ ಬಟ್ಟೆ ಮಡಚಿಟ್ಟು ಕೂತನಲ್ಲ, ಆಗ ನಾನು ಕೇಳಿದೆ: "ಸಿಕ್ತೇನೋ ದೋಷ?"

"ಇಲ್ಲಮ್ಮ. ಒಂದೂ ಇಲ್ಲ. ಗುಬ್ಬಿ ಚೆನ್ನಾಗಿ ಕಲಿಸಿದಾಳೆ."

"ಹಾಗಂದ್ರೆ? ಅವಳು ಕಲಿಸಿದ್ದು ನಿಮ್ಮ ಮಿಲ್ಲಿನ ಯಂತ್ರಕ್ಕೇ ಅಂತ ನಿನಗೂ ಆ ದಿನವೇ ಗೊತ್ತಾಯ್ತಾ?"

"ಅದಕ್ಕೂ ಮುಂಚೆ" ಅಂದ. "ಎರಡನೇ ಸಂಜೆಯೇ. ಗೇಣಿಗೊಂದು ಎಳೆ ತಪ್ಪಿದ ಬಟ್ಟೆಯ ಫೋಟೋ ಬಂತು. ಕುಂಟಿಯ ನಡಿಗೆ ನನಗೆ ಗೊತ್ತಾಗಲ್ವಾಮ್ಮ?"

"ಗೊತ್ತಿದ್ದೂ ಯಾಕೋ ಹೇಳಿಕೊಟ್ಟೆ?"

ಮಡಚಿಟ್ಟ ಬಟ್ಟೆಯ ಅಂಚನ್ನು ಸರಿಮಾಡಿದ. ಆಮೇಲೆ ಅಂದ, "ಹೇಳಿದ್ದರೆ ಅವಳು ಆವತ್ತೇ ಆ ಕೆಲಸ ಬಿಡ್ತಿದ್ದಳು. ನನ್ನದು ಹೇಗೂ ಹೋಗೋದೇ ಇತ್ತು. ಚಿಕ್ಕವಳಿದ್ದಾಗ ಬಿಟ್ಟರೆ ಅವಳು ನನ್ನ ಪಕ್ಕ ಬಂದು ಕೂತಿದ್ದು ಆಗಲೇ ಅಮ್ಮ. ನನ್ನ ಕೆಲಸ ಏನು ಅಂತ ನನ್ನನ್ನ ಕೇಳಿದೋಳು ಅವಳೊಬ್ಬಳೇ."

ನಿನ್ನ ಕುರ್ಚಿ ಮೇಜಿನ ಹತ್ತಿರ ಇನ್ನೂ ಹಾಗೇ ಇದೆ. ಮೊನ್ನೆ ನಾನು ಅದರಲ್ಲಿ ಕೂರಲು ಹೋದರೆ, "ಅದರಲ್ಲಿ ಬೇಡಮ್ಮ" ಅಂತ ತನ್ನದನ್ನು ಬಿಟ್ಟುಕೊಟ್ಟ.

ಅದಕ್ಕೇ ನೀನು ಬಂದಾಗ ಅಳಬೇಡ, ತಪ್ಪಾಯಿತು ಅಂತ ಕಾಲಿಗೆ ಬೀಳಬೇಡ, ಅವನಿಗೆ ತಡೆಯಲಾಗುವುದಿಲ್ಲ. ಆ ಷರ್ಟಿನ ಬಟ್ಟೆ ಬೀರುವಿನ ಕೆಳಗಿನ ಖಾನೆಯಲ್ಲಿದೆ. ಅವನು ಹೊರಗೆ ಹೋಗಿದ್ದಾಗ ನಾನು ಅದರ ಒಂದು ಮೂಲೆಯಲ್ಲಿ ಸೂಜಿ ಹಾಕಿ ಒಂದು ಎಳೆ ಮೇಲೆತ್ತಿಟ್ಟಿದ್ದೇನೆ. ಎರಡು ಸಲ ಸೂಜಿ ಜಾರಿತು, ಆದರೂ ಬಂತು. ಅದನ್ನು ಹುಡುಕು, ನಿನ್ನ ಕುರ್ಚಿಯಲ್ಲಿ ಕೂತುಕೋ, ಅವನ ಮುಂದೆ ಹಿಡಿದು ಕೇಳು: "ಅಪ್ಪಾ, ಇದೇನು?"

ಅವನು ಸೊಳ್ಳೆಕಾಲು ಅನ್ನುವುದಿಲ್ಲ, ನೋಡುತ್ತಿರು. ಇದು ಮಗ್ಗದ್ದಲ್ಲ, ನಿನ್ನ ಅಜ್ಜಿಯ ಕೈಕೆಲಸ ಅನ್ನುತ್ತಾನೆ.